ಅಳಿಸಿಹೋದ ತೀರ್ಪು
1992ರಲ್ಲಿ ಯೇಲ್ ಕಾನೂನು ವಿದ್ಯಾರ್ಥಿಗಳು ತಮ್ಮ ಪ್ರಾಧ್ಯಾಪಕ ಹೆರಾಲ್ಡ್ ಕೋ ಜೊತೆ ಸೇರಿ ಅಮೆರಿಕ ಸರ್ಕಾರದ ಮೇಲೆಯೇ ದಾವೆ ಹೂಡಿದರು. ದೋಣಿಗಳಲ್ಲಿ ಓಡಿಬಂದ ಹೈಟಿಯ ನಿರಾಶ್ರಿತರನ್ನು, ಎಚ್‌ಐವಿ ಇದೆಯೆಂದು, ಗ್ವಾಂಟಾನಾಮೋದ ಮುಳ್ಳುತಂತಿಯೊಳಗೆ ಕೂಡಿಹಾಕಲಾಗಿತ್ತು. 1993ರ ಜೂನ್‌ನಲ್ಲಿ ನ್ಯಾಯಾಧೀಶ ಸ್ಟರ್ಲಿಂಗ್ ಜಾನ್ಸನ್ ಬಿಡುಗಡೆಗೆ ಆದೇಶಿಸಿದರು; ನಿರಾಶ್ರಿತರು ಅಮೆರಿಕ ಸೇರಿದರು. ಆದರೆ ಮೇಲ್ಮನವಿ ಕೈಬಿಡಲು ಸರ್ಕಾರ ಕೇಳಿದ ಬೆಲೆ: ತೀರ್ಪೇ ರದ್ದಾಗಬೇಕು. ವಿದ್ಯಾರ್ಥಿಗಳ ಪಕ್ಷ ಒಪ್ಪಿತು. 2002ರಲ್ಲಿ ಅದೇ ಗ್ವಾಂಟಾನಾಮೋ ಮತ್ತೆ ಸೆರೆಮನೆಯಾದಾಗ ಆ ತೀರ್ಪಿನ ಆಸರೆ ಯಾರಿಗೂ ಸಿಗಲಿಲ್ಲ.

ಒಪ್ಪಿದ್ದು ತಪ್ಪೇ? ಪ್ರಾಜೆಕ್ಟ್ ನಡೆಸುವ ನನಗೆ ಮುಂದಿನದನ್ನು ಲೆಕ್ಕಹಾಕುವುದೇ ಕಸುಬು. ಆದರೂ ಇಲ್ಲ ಎನ್ನುತ್ತೇನೆ. ಕಕ್ಷಿದಾರನ ಬಿಡುಗಡೆ ಅವನದು. ನಾಳೆ ಬರುವವರ ಹೆಸರಿನಲ್ಲಿ ಅದನ್ನು ಪಣಕ್ಕಿಡಲು ವಕೀಲರಿಗೆ ಹಕ್ಕಿಲ್ಲ. ನಾಳೆಯವರಿಗೆ ಬೇಕಾದ ಕಾನೂನು ಮಾಡಿಸುವ ಹೊಣೆ ಮತ ಹಾಕುವವರದು, ತಂತಿಯೊಳಗಿನ ರೋಗಿಯದಲ್ಲ.