ಆಯಿಗೆ ಹೇಳಬೇಕಿತ್ತೆ?

ಹೆತ್ತವರಿಗೆ ಸುಳ್ಳು ಹೇಳಬಾರದು ಎಂದು ಎಲ್ಲರೂ ಶಾಲೆಯಲ್ಲೇ ಕಲಿತಿರುತ್ತೇವೆ. ಆದರೆ ಅವರ ಒಳ್ಳೆಯದಕ್ಕೇ ಅಂದುಕೊಂಡು ಹೇಳಿದ ಸುಳ್ಳನ್ನು ಯಾವ ಖಾತೆಗೆ ಬರೆಯುವುದು? ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಜಮಾ-ಖರ್ಚು ನೋಡಿದ ನನಗೆ ಈ ಒಂದು ಲೆಕ್ಕ ಇನ್ನೂ ಪೂರ್ತಿ ತಾಳೆಯಾಗಿಲ್ಲ.

2003ರ ಮಳೆಗಾಲ ಮುಗಿಯುವ ಹೊತ್ತು. ನಾನಾಗ ಮುಂಬೈಯ ಒಂದು ಶಾಖೆಯಲ್ಲಿದ್ದೆ, ಮನೆ ಡೊಂಬಿವಲಿಯಲ್ಲಿ. ಶಿರಸಿ ಹತ್ತಿರದ ನಮ್ಮೂರಿಂದ ಅಣ್ಣ ಫೋನ್ ಮಾಡಿದ. "ಆಯಿ ಬಾಯಲ್ಲಿ ಹುಣ್ಣು, ಮೂರು ತಿಂಗಳಾದ್ರೂ ಮಾಯ್ತಾ ಇಲ್ಲ. ಹುಬ್ಬಳ್ಳೀಲಿ ಪರೀಕ್ಷೆ ಮಾಡಿಸ್ದೆ. ಅದೇ ಅಂತೆ." 'ಅದೇ' ಅಂದರೆ ಏನೆಂದು ನಾನೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ನಮ್ಮದು ಅಡಿಕೆ ತೋಟದ ಮನೆ. ಆಯಿ ಸುಮಾರು ಐವತ್ತು ವರ್ಷ ಹೊಗೆಸೊಪ್ಪು ಹಾಕಿದ ಕವಳ ತಿಂದವಳು. ಹೊಗೆಸೊಪ್ಪು ಇಲ್ಲದಿದ್ದರೂ ಅಡಿಕೆಯಿಂದಲೇ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ವರದಿ ಬಂದದ್ದು 2004ರಲ್ಲಿ. ಅದೇ ಅಡಿಕೆ ಮಾರಿದ ದುಡ್ಡಿನಲ್ಲಿ ನಾನು ಎಂ.ಕಾಂ. ಓದಿದ್ದೆ. ಆ ಮಾತು ಇನ್ನೊಂದು ಲೇಖನಕ್ಕಿರಲಿ.

ಫೋನ್ ಇಡುವ ಮುಂಚೆ ಅಣ್ಣ ಅಂದ, "ಅವಳಿಗೆ ಹೇಳ್ಬೇಡ. ಎದೆ ಒಡ್ಕೊಳ್ತಾಳೆ." ನಾನು ಒಪ್ಪಿದೆ.

ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆ 1941ರಲ್ಲಿ ಶುರುವಾದದ್ದು. ಬಿಹಾರ, ಬಂಗಾಳದಿಂದೆಲ್ಲ ಜನ ಬರುತ್ತಾರೆ. ಇಳಿದುಕೊಳ್ಳಲು ಜಾಗ ಸಿಗದವರು ಹೊರಗಿನ ಫುಟ್‌ಪಾತಿನಲ್ಲೇ ಚಾದರ ಹಾಸಿರುತ್ತಾರೆ. ಆಯಿಗೆ ಕನ್ನಡ ಬಿಟ್ಟರೆ ಬೇರೆ ಭಾಷೆ ಬಾರದು. ಆದರೂ ಅಲ್ಲಿಯ ನರ್ಸುಗಳು ಮರಾಠಿಯಲ್ಲಿ 'ಆಯಿ' ಎಂದು ಕರೆದಾಗ ಅವಳಿಗೆ ಖುಷಿ. "ನೋಡು, ಇವಕ್ಕೂ ನಾನು ಆಯಿಯೇ ಆದೆ" ಅಂದಳು.

ಡಾಕ್ಟರು ಹಿಂದಿಯಲ್ಲಿ ಐದು ನಿಮಿಷ ಹೇಳಿದ್ದನ್ನು ನಾನು ಕನ್ನಡದಲ್ಲಿ ಒಂದೇ ಸಾಲು ಮಾಡಿದೆ. "ಹುಣ್ಣು ಕೆಟ್ಟಿದೆ, ಕೊಯ್ದು ತೆಗೀತಾರಂತೆ. ಆಮೇಲೆ ಲೈಟ್ ಕೊಡ್ತಾರಂತೆ." ಅವರು ನನ್ನ ಮುಖ ನೋಡಿ, "ಎಲ್ಲಾ ಹೇಳಿದ್ರಾ?" ಎಂದು ಕೇಳಿದರು. ಹೂಂ ಅಂದೆ. ಹೀಗೆ ಒಂದೇ ಮೇಜಿನ ಎರಡು ಕಡೆ ಎರಡು ಸುಳ್ಳು ಹೇಳಿದವನು ನಾನೊಬ್ಬನೇ. ಊರಲ್ಲಾಗಿದ್ದರೆ ಇದು ಸಾಧ್ಯವಿರಲಿಲ್ಲ. ಅಲ್ಲಿ ಅವಳೇ ಡಾಕ್ಟರ ಹತ್ತಿರ ಜೋರು ಮಾಡಿ ಕೇಳುತ್ತಿದ್ದಳು. ಪರಊರಿನಲ್ಲಿ ಅವಳ ಕಿವಿ, ಬಾಯಿ ಎರಡೂ ನಾನೇ ಆಗಿದ್ದೆ. ಆ ಅಧಿಕಾರ ನನಗೆ ಯಾರು ಕೊಟ್ಟರು ಎಂದು ಆಗ ಹೊಳೆಯಲಿಲ್ಲ.

ಆಪರೇಷನ್ ಆಯಿತು. ಆಮೇಲೆ ವಾರಕ್ಕೆ 5 ದಿನದಂತೆ 6 ವಾರ ರೇಡಿಯೇಷನ್. ನನ್ನ ಹೆಂಡತಿ ದಿನಾ ಗಂಜಿ ಸೋಸಿ ಡಬ್ಬಿಗೆ ತುಂಬಿ, ಲೋಕಲ್ಲಿನಲ್ಲಿ ಅವಳನ್ನು ಕರೆದುಕೊಂಡು ಹೋಗುತ್ತಿದ್ದಳು. ಹೆಚ್ಚಿನ ಕಷ್ಟ ಅವಳದ್ದೇ, ನನ್ನದು ರಜೆ ಹಾಕಿದ ದಿನಗಳು ಮಾತ್ರ. ಒಂದು ಸಲ ಆಯಿ ಕೇಳಿದಳು, "ಇಲ್ಲಿ ಇಷ್ಟೆಲ್ಲಾ ಜನಕ್ಕೂ ಹುಣ್ಣೇ ಆಗಿದ್ಯಾ?" ನಾನು ಉತ್ತರ ಕೊಡದೆ ನೀರಿನ ಬಾಟಲಿ ತುಂಬಲು ಎದ್ದುಹೋದೆ.

ಮೂರನೇ ವಾರ ಕಾಯುವ ಜಾಗದಲ್ಲಿ ಅವಳ ಪಕ್ಕ ವಿಜಾಪುರ ಕಡೆಯ ಒಬ್ಬ ಹೆಂಗಸು ಬಂದು ಕೂತರು. ಕನ್ನಡ ಕಿವಿಗೆ ಬಿದ್ದದ್ದೇ ಇಬ್ಬರಿಗೂ ತವರಿಗೆ ಹೋದಷ್ಟು ಸಂತೋಷ. ಮಾತಿನ ನಡುವೆ ಆಕೆ, "ನಿಮಗೂ ಬಾಯೀದ ಕ್ಯಾನ್ಸರ್ ಏನ್ರೀ?" ಅಂದುಬಿಟ್ಟರು. ನಾನು ಮುಚ್ಚಿಟ್ಟದ್ದನ್ನು ಬಿಚ್ಚಿದ್ದೂ ಕನ್ನಡವೇ.

ಆಯಿ ಎಂಟು ದಿನ ಏನೂ ಹೇಳಲಿಲ್ಲ. ಒಂಬತ್ತನೇ ದಿನ ರಾತ್ರಿ ನನ್ನನ್ನು ಹತ್ತಿರ ಕೂರಿಸಿಕೊಂಡು, ನಾಲಿಗೆ ಸರಿಯಾಗಿ ತಿರುಗದಿದ್ದರೂ ನಿಧಾನಕ್ಕೆ ಅಂದಳು. "ನಂಗೆ ಗೊತ್ತಾಯ್ತು. ನಿಂಗೆ ಗೊತ್ತಾಗ್ಬಾರ್ದು ಅಂತ ಸುಮ್ಮನಿದ್ದೆ. ಇನ್ನು ಸಾಕಪ್ಪ, ಇಬ್ರಿಗೂ ಸುಸ್ತಾಯ್ತು." ಆ ಎಂಟು ರಾತ್ರಿ ಒಂದೇ ಮನೆಯಲ್ಲಿ, ಒಂದೇ ಭಯ ಇಟ್ಟುಕೊಂಡು, ಅವಳು ಒಬ್ಬಳೇ ಮಲಗಿದ್ದಳು. ನನ್ನ ಸುಳ್ಳು ಅವಳ ಭಯವನ್ನೇನೂ ಕಮ್ಮಿ ಮಾಡಿರಲಿಲ್ಲ, ಅದನ್ನು ಹೇಳಿಕೊಳ್ಳಲು ಇದ್ದ ಒಂದು ಜಾಗವನ್ನು ಮಾತ್ರ ಕಸಿದುಕೊಂಡಿತ್ತು.

ಬ್ಯಾಂಕಿನಲ್ಲಿ ಒಂದು ನಿಯಮವಿದೆ. ಮಗ ಎಷ್ಟೇ ಒಳ್ಳೆಯವನಾಗಿರಲಿ, ತಾಯಿಯ ಖಾತೆಯಲ್ಲಿ ಎಷ್ಟಿದೆ ಎಂಬುದನ್ನು ತಾಯಿಯ ಒಪ್ಪಿಗೆ ಇಲ್ಲದೆ ಅವನಿಗೆ ಹೇಳುವಂತಿಲ್ಲ. ನಾನು ಮಾಡಿದ್ದು ಅದರ ತಲೆಕೆಳಗು. ಅವಳ ಆಯುಷ್ಯದ ಖಾತೆಯ ಬಾಕಿ ಅಣ್ಣನಿಗೆ ಗೊತ್ತು, ನನಗೆ ಗೊತ್ತು, ಖಾತೆದಾರಳಿಗೆ ಮಾತ್ರ ಗೊತ್ತಿಲ್ಲ!

ಗೊತ್ತಾದ ಮೇಲೆ ಅವಳು ತನ್ನ ವ್ಯವಹಾರ ತಾನೇ ನೋಡಿಕೊಂಡಳು. ಕವಳದ ಸಂಚಿಯನ್ನು ನನ್ನ ಹೆಂಡತಿ ಕೈಗೆ ಕೊಟ್ಟು "ಎಸೀ" ಅಂದಳು. 2004ರ ಶಿರಸಿ ಮಾರಿಕಾಂಬೆ ಜಾತ್ರೆಗೆ ಹೋಗಿ ಉಡಿ ತುಂಬಿಸುತ್ತೇನೆಂದು ಹರಕೆ ಹೊತ್ತಳು, ಹೋಗಿಯೂ ಬಂದಳು. "ಗುಣ ಮಾಡು ಅಂತ ಕೇಳ್ಕೊಂಡ್ಯಾ?" ಅಂದೆ. "ಅದನ್ನ ಡಾಕ್ಟ್ರು ನೋಡ್ಕೊಳ್ತಾರೆ. ಹೆದರಿಕೆ ತೆಗಿ ಅಂತ ಕೇಳ್ದೆ" ಅಂದಳು. ದೇವರಲ್ಲಿ ನಂಬಿಕೆ ಅಂದರೆ ಇರುವುದನ್ನು ಇಲ್ಲವೆನ್ನುವುದು ಎಂದು ಕೊಂಡಿದ್ದ ನನಗೆ ಅದು ಹೊಸ ಪಾಠ. 2005ರಲ್ಲಿ ಕಾಯಿಲೆ ಮತ್ತೆ ಬಂದಾಗ, ಇನ್ನು ಮುಂಬೈ ಬೇಡ, ತೋಟದ ಮನೆಯಲ್ಲೇ ಇರುತ್ತೇನೆ ಎಂದು ತೀರ್ಮಾನಿಸಿದ್ದು ಅವಳೇ. ನೋವಿನ ಮಾತ್ರೆಗಳನ್ನು ನಾನು ಇಲ್ಲಿಂದ ಒಯ್ದು ಕೊಡುತ್ತಿದ್ದೆ. ಆ ವರ್ಷದ ಮಳೆಗಾಲದಲ್ಲಿ ಅಲ್ಲೇ ಹೋದಳು. ಸುಳ್ಳು ಮುಂದುವರಿದಿದ್ದರೆ ಡೊಂಬಿವಲಿಯ ಎರಡು ಕೋಣೆಯಲ್ಲಿ, ಯಾವತ್ತು ಹುಣ್ಣು ಮಾಯುತ್ತದೆ ಎಂದು ಕಾಯುತ್ತಾ ಹೋಗುತ್ತಿದ್ದಳು.

ಹಾಗಾದರೆ ಎಲ್ಲರಿಗೂ ಎಲ್ಲವನ್ನೂ ಹೇಳಿಬಿಡಬೇಕೆ? ಅದೂ ಅಲ್ಲ. ನನ್ನ ಸಹೋದ್ಯೋಗಿಯೊಬ್ಬರ ತಂದೆ, "ನಂಗೆ ಹೇಳ್ಬೇಡ, ನೀನೇ ನೋಡ್ಕೋ" ಎಂದು ಮೊದಲ ದಿನವೇ ಕೈ ಮುಗಿದರು. ಅದು ಅವರ ಹಕ್ಕು, ಅವರೇ ಬಳಸಿಕೊಂಡರು. ನನ್ನ ತಪ್ಪು ಹೇಳದೆ ಇದ್ದದ್ದಕ್ಕಿಂತ, ಎಷ್ಟು ತಿಳಿಯಬೇಕು ಆಯಿ ಎಂದು ಒಂದು ಮಾತು ಕೇಳದೆ ಇದ್ದದ್ದು.

ಅಣ್ಣ ಇವತ್ತಿಗೂ ಒಪ್ಪುವುದಿಲ್ಲ. ಗೊತ್ತಾಗದಿದ್ದರೆ ಇನ್ನೂ ನಾಲ್ಕು ದಿನ ಬದುಕುತ್ತಿದ್ದಳು ಅನ್ನುತ್ತಾನೆ. ಅಲ್ಲ ಎಂದು ಸಾಧಿಸಲು ನನ್ನ ಹತ್ತಿರ ಯಾವ ದಾಖಲೆಯೂ ಇಲ್ಲ. ಲೆಕ್ಕ ತಾಳೆಯಾಗಿಲ್ಲ ಅಂದದ್ದು ಇದಕ್ಕೇ.

ಊರಲ್ಲಿರುವ ನೀವು ಅಪ್ಪ-ಅಮ್ಮನನ್ನು ಚಿಕಿತ್ಸೆಗೆಂದು ನಮ್ಮಂಥವರ ಹತ್ತಿರ ಕಳಿಸುವಾಗ ರಿಪೋರ್ಟು, ಹಾಸಿಗೆ, ಹಣ ಎಲ್ಲಾ ಕಟ್ಟಿ ಕಳಿಸುತ್ತೀರಿ. ಅದರ ಜೊತೆಗೆ "ಹೇಳ್ಬೇಡ" ಎಂಬ ಗಂಟನ್ನೂ ಕಟ್ಟುವ ಮೊದಲು, ಅವರನ್ನೇ ಒಂದು ಮಾತು ಕೇಳಿ. ಇಲ್ಲಿ ಬಂದ ಮೇಲೆ ಅವರಿಗೆ ಕೇಳಲು ಭಾಷೆ ಇರುವುದಿಲ್ಲ.