ಬಾಗಬೇಕಾದಲ್ಲಿ ಬಾಗುವುದು

ಅನಂತ ಶಾಸ್ತ್ರಿ ಡೋಂಗ್ರೆ ದೊಡ್ಡ ವಿದ್ವಾಂಸರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿ ಜನರ ಬಾಯಿಗೆ ಬಿದ್ದವರು. ಕುದುರೆಮುಖದ ಕಡೆಯ ಗಂಗಾಮೂಲದ ಕಾಡಿನಲ್ಲಿ ಆಶ್ರಮ ಕಟ್ಟಿಕೊಂಡು ಇದ್ದವರು. 1858ರ ಏಪ್ರಿಲ್‌ನಲ್ಲಿ ಅಲ್ಲಿ ಹುಟ್ಟಿದ ಮಗಳು ರಮಾಬಾಯಿ. ಆರು ತಿಂಗಳ ಕೂಸನ್ನು ಬೆತ್ತದ ಪೆಟ್ಟಿಗೆಯಲ್ಲಿಟ್ಟು, ಆಳಿನ ತಲೆಯ ಮೇಲೆ ಹೊರಿಸಿ ಘಟ್ಟ ಇಳಿದ ಆ ಕುಟುಂಬ ಆಮೇಲೆ ಒಂದೆಡೆ ನಿಲ್ಲಲಿಲ್ಲ. ತೀರ್ಥಕ್ಷೇತ್ರದಿಂದ ತೀರ್ಥಕ್ಷೇತ್ರಕ್ಕೆ ಹೋಗಿ ಪುರಾಣ ಹೇಳಿ ಬದುಕಿದರು. 1874ರ ಸುಮಾರಿಗೆ ಬರ ಬಂತು. ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ಹೋದರು. ಆ ದಿನಗಳ ಬಗ್ಗೆ ರಮಾಬಾಯಿ ಮುಂದೆ ಬರೆಯುವಾಗ ಬರವನ್ನಷ್ಟೇ ದೂರಲಿಲ್ಲ. ಕೂಲಿ ಮಾಡಲೂ ಭಿಕ್ಷೆ ಬೇಡಲೂ ತಮ್ಮನ್ನು ಬಿಡದಿದ್ದ ಹೆಮ್ಮೆಯನ್ನೂ ನೇರವಾಗಿ ಹೆಸರಿಸಿದರು.

ಪುಣೆಯ ಹತ್ತಿರದ ಕೇಡಗಾಂವ್‌ನಲ್ಲಿ ಸಾವಿರಾರು ಅನಾಥ ಹೆಣ್ಣುಮಕ್ಕಳಿಗೆ ಮನೆ ಕಟ್ಟಿಕೊಟ್ಟ ಪಂಡಿತಾ ರಮಾಬಾಯಿ ಇವರೇ. ಕ್ರೈಸ್ತ ಚಿಂತನೆಯಲ್ಲಿ ಸೇವೆಗೂ ದೀನತೆಗೂ ಇರುವ ನಂಟನ್ನು ತಿಳಿಯಲು ಇವರ ಬಾಳಿಗಿಂತ ಒಳ್ಳೆಯ ದಾರಿ ನನಗೆ ಕಾಣುವುದಿಲ್ಲ.

ಮೊದಲಿಗೆ ಮಾತಿನ ತೊಡಕೊಂದನ್ನು ಬಿಡಿಸಬೇಕು. ಕನ್ನಡ ಬೈಬಲು ಬಳಸುವ ‘ದೀನ’ ಎಂಬ ಪದ ನಮ್ಮ ಕಿವಿಗೆ ಗತಿಗೆಟ್ಟವನು, ಕನಿಕರಕ್ಕೆ ಪಾತ್ರನಾದವನು ಎಂದು ಕೇಳಿಸುತ್ತದೆ. ಗ್ರೀಕ್ ಭಾಷೆಯಲ್ಲೂ ಹಾಗೆಯೇ ಇತ್ತು: ಕ್ರಿಸ್ತಪೂರ್ವ ಗ್ರೀಕರಿಗೆ ಇದಕ್ಕೆ ಸಮನಾದ ಪದ ಗುಲಾಮರ, ಕೆಳಗಿನವರ ಗುಣವನ್ನು ಹೇಳುತ್ತಿತ್ತು. ಅರಿಸ್ಟಾಟಲ್ ಮೆಚ್ಚಿದ್ದು ತನ್ನ ದೊಡ್ಡತನವನ್ನು ಬಲ್ಲ, ಅದಕ್ಕೆ ತಕ್ಕ ಗೌರವ ಬಯಸುವ ಮಹಾಮನಸ್ಸಿನವನನ್ನು. ಈ ತಕ್ಕಡಿಯನ್ನು ತಿರುಗಿಸಿದ್ದು, ಊಟದ ಹೊತ್ತಿನಲ್ಲಿ ಸೊಂಟಕ್ಕೆ ಬಟ್ಟೆ ಸುತ್ತಿಕೊಂಡು ಶಿಷ್ಯರ ಕಾಲು ತೊಳೆದ ಗುರು ಕ್ರಿಸ್ತನ ಕಥೆ. ಸಭೆಯ ಸೇವೆಗೆ ಕ್ರೈಸ್ತರು ಆರಿಸಿಕೊಂಡ ಗ್ರೀಕ್ ಪದಕ್ಕೂ ಊಟ ಬಡಿಸುವುದು ಎಂಬ ಅರ್ಥವಿದೆ. ಬಡಿಸುವವನ ಕಣ್ಣು ಎಲೆಯ ಮೇಲಿರುತ್ತದೆ. ಯಾರ ಎಲೆಯಲ್ಲಿ ಏನು ಮುಗಿದಿದೆ ಎಂಬುದೇ ಅವನ ಲಕ್ಷ್ಯ. ದೀನತೆಯೆಂದರೆ ಅದು: ತನ್ನನ್ನು ಹಳಿದುಕೊಳ್ಳುವುದಲ್ಲ, ತನ್ನ ಕಡೆ ನೋಡುವುದನ್ನೇ ಬಿಡುವುದು. ನಾನು ಎಷ್ಟು ವಿನಯವಂತ ಎಂದು ನೋಡಿಕೊಳ್ಳುವವನೂ ತನ್ನನ್ನೇ ನೋಡುತ್ತಿರುತ್ತಾನೆ.

ಕನ್ನಡಿಗರಿಗೆ ಇದು ಹೊಸದಲ್ಲ. ಶರಣರು ದಾನ ಬೇರೆ, ದಾಸೋಹ ಬೇರೆ ಎಂದರು. ದಾನದಲ್ಲಿ ಕೊಡುವ ಕೈ ಮೇಲಿರುತ್ತದೆ. ದಾಸೋಹದಲ್ಲಿ ಕೊಡುವವನು ದಾಸ, ಕೊಟ್ಟದ್ದು ಅವನದಲ್ಲ, ಒಡೆಯನದ್ದನ್ನು ಒಡೆಯನಿಗೇ ಸಲ್ಲಿಸಿದ್ದು. ಗೀತೆಯ ನಿಷ್ಕಾಮಕರ್ಮಕ್ಕಿಂತ ಕ್ರೈಸ್ತ ಸೇವೆ ದಾಸೋಹಕ್ಕೇ ಹತ್ತಿರ ಎಂದು ನನ್ನ ಅನಿಸಿಕೆ. ಗೀತೆಯಲ್ಲಿ ಒತ್ತು ಬೀಳುವುದು ಫಲದ ಆಸೆ ಬಿಡುವುದರ ಮೇಲೆ. ಇಲ್ಲಿ ಎದುರಿಗಿರುವವರ ಹಸಿವು ಹಿಂಗಲಿ ಎಂಬ ಆಸೆ ಇದ್ದೇ ಇರಬೇಕು, ಬಿಡಬೇಕಾದದ್ದು ಅದು ನನ್ನಿಂದ ಆಯಿತೆಂಬ ಲೆಕ್ಕವನ್ನು.

ರಮಾಬಾಯಿ ಇಂಥ ಸೇವೆಯನ್ನು ಮೊದಲು ಕಂಡದ್ದು ಪುಸ್ತಕದಲ್ಲಲ್ಲ. 1882ರಲ್ಲಿ, ಗಂಡನನ್ನು ಕಳೆದುಕೊಂಡು ಹಸುಗೂಸು ಮನೋರಮೆಯೊಡನೆ ಅವರು ಪುಣೆಗೆ ಬಂದರು. ಆರ್ಯ ಮಹಿಳಾ ಸಮಾಜ ಕಟ್ಟಿದರು. ಮರುವರ್ಷ ಇಂಗ್ಲೆಂಡಿಗೆ ಹೋಗಿ ವಾಂಟೇಜ್‌ನ ಸನ್ಯಾಸಿನಿಯರ ಜೊತೆ ಇದ್ದಾಗ, ಅವರು ಲಂಡನ್ನಿನ ಫುಲ್‌ಹ್ಯಾಮ್‌ನಲ್ಲಿ ನಡೆಸುತ್ತಿದ್ದ ಮನೆಯನ್ನು ನೋಡಿದರು. ಸಮಾಜ ‘ಕೆಟ್ಟವರು’ ಎಂದು ತಳ್ಳಿದ ಹೆಂಗಸರನ್ನು ಅಲ್ಲಿ ಅಕ್ಕತಂಗಿಯರ ಹಾಗೆ ಕಾಣುತ್ತಿದ್ದರು. ಯಾಕೆ ಹೀಗೆ ಎಂದು ಕೇಳಿದಾಗ, ಕ್ರಿಸ್ತನು ಬಾವಿಯ ಬಳಿ ಸಮಾರ್ಯದ ಹೆಂಗಸಿನೊಡನೆ ಮಾತಾಡಿದ ಕಥೆಯನ್ನು ಒಬ್ಬ ಸನ್ಯಾಸಿನಿ ಓದಿ ಹೇಳಿದರು. ಆ ವರ್ಷ ಸೆಪ್ಟೆಂಬರ್ 29ರಂದು ರಮಾಬಾಯಿ ದೀಕ್ಷಾಸ್ನಾನ ಪಡೆದರು.

ಆದರೆ ವಾಂಟೇಜ್‌ನಲ್ಲಿ ಅವರಿಗೆ ಗುರುವಾಗಿದ್ದ ಸಿಸ್ಟರ್ ಜೆರಾಲ್ಡಿನ್‌ಗೆ ಈ ಶಿಷ್ಯೆಯಲ್ಲಿ ಕಂಡದ್ದು ದೀನತೆಯಲ್ಲ, ಹಟ. ಚೆಲ್ಟೆನ್‌ಹ್ಯಾಮ್‌ನಲ್ಲಿ ಗಂಡಸರಿಗೆ ಪಾಠ ಹೇಳಬಾರದೆಂದು ಬಿಷಪ್ಪರು ತಡೆದರೆ ರಮಾಬಾಯಿ ಕಾರಣ ಕೇಳಿದರು. ತ್ರಿಯೇಕತ್ವದ ಸೂತ್ರಗಳು ಮನಸ್ಸಿಗೆ ಒಪ್ಪಿಗೆಯಾಗದೆ ಹೂಂಗುಟ್ಟಲಿಲ್ಲ. ಶಿಲುಬೆಯ ಮೇಲೆ ಲ್ಯಾಟಿನ್ ಯಾಕೆ, ಸಂಸ್ಕೃತ ಇರಲಿ ಎಂದರು. ಆಗ ಅವರಿಬ್ಬರು ಬರೆದುಕೊಂಡ ಪತ್ರಗಳು ಇಂದು ಅಚ್ಚಾಗಿವೆ. ಅವನ್ನು ಓದಿದವರಿಗೆ ನನ್ನ ಪ್ರಶ್ನೆ ಇದು: ಅಧಿಕಾರದಲ್ಲಿರುವವರು ‘ವಿನಯ ಸಾಲದು’ ಎನ್ನುವಾಗ ಕೇಳುತ್ತಿರುವುದು ನಿಜವಾಗಿ ವಿನಯವನ್ನೋ, ವಿಧೇಯತೆಯನ್ನೋ? ಮೇಲಿನವರ ಮುಂದೆ ಬಾಗುವುದಕ್ಕೆ ಯಾವ ಸಾಧನೆಯೂ ಬೇಡ, ಅದರಲ್ಲಿ ಲಾಭವಿದೆ. ಪ್ರತಿಯಾಗಿ ಏನನ್ನೂ ಕೊಡಲಾರದವರ ಮುಂದೆ ಬಾಗುವುದೇ ಪರೀಕ್ಷೆ. ಬಿಷಪ್ಪರ ಮುಂದೆ ನೆಟ್ಟಗೆ ನಿಂತ ರಮಾಬಾಯಿ ಕೇಡಗಾಂವ್‌ನಲ್ಲಿ ಹುಳಬಿದ್ದ ತಲೆಯ, ಎಲುಬುಗೂಡಾದ ಹುಡುಗಿಯರ ನಡುವೆ ಬದುಕಿದರು. 1896-97ರ ಬರದಲ್ಲಿ ಮಧ್ಯಪ್ರಾಂತ್ಯಕ್ಕೆ ತಾವೇ ಹೋಗಿ ನೂರಾರು ಹುಡುಗಿಯರನ್ನು ಕರೆತಂದರು. 1900ರ ಗುಜರಾತಿನ ಬರದ ನಂತರ ಕೇಡಗಾಂವ್‌ನ ಆ ಮನೆಯಲ್ಲಿ, ಮುಕ್ತಿ ಸದನದಲ್ಲಿ, ಸುಮಾರು 1,900 ಜನರಿದ್ದರು. ಅಲ್ಲಿ ಫುಲ್‌ಹ್ಯಾಮ್‌ನ ಮಾದರಿಯ ಕೃಪಾ ಸದನವಿತ್ತು, ಕುರುಡರಿಗೆ ಬೇರೆ ಮನೆಯಿತ್ತು, ಹೊಲ, ಮಗ್ಗ, ಮುದ್ರಣಾಲಯ ಇದ್ದವು. ಹೆಮ್ಮೆ ಬಿಡದೆ ಹಸಿದವರ ಮಗಳು ಇಲ್ಲಿ ಪ್ರತಿ ಹುಡುಗಿಯ ಕೈಗೂ ಕೆಲಸ ಕಲಿಸಿದರು.

ಇನ್ನು ಸೇವೆಯ ಉದ್ದೇಶದ ಮಾತು. ಅದನ್ನು ದಾಟಿ ಹೋದರೆ ಈ ಬರಹ ಸುಳ್ಳಾಗುತ್ತದೆ. 1889ರಲ್ಲಿ ಮುಂಬಯಿಯಲ್ಲಿ ತೆರೆದು ಮರುವರ್ಷ ಪುಣೆಗೆ ಬಂದ ಶಾರದಾ ಸದನ ವಿಧವೆಯರ ಶಾಲೆ. ಅಲ್ಲಿ ಧರ್ಮದ ವಿಷಯದಲ್ಲಿ ತಟಸ್ಥವಾಗಿರುವ ಮಾತಿತ್ತು. ಬ್ರಾಹ್ಮಣ ವಿಧವೆಯರು ತಮ್ಮ ಮಡಿ, ಆಚಾರ ಉಳಿಸಿಕೊಳ್ಳಬಹುದಿತ್ತು. ಆದರೆ ಕೆಲವು ಹುಡುಗಿಯರು ರಮಾಬಾಯಿಯ ಪ್ರಾರ್ಥನೆಗೆ ಬಂದು ಕೂರತೊಡಗಿದರು. ರಮಾಬಾಯಿ ಬಾಗಿಲು ಹಾಕಲಿಲ್ಲ. 1893ರಲ್ಲಿ ರಾನಡೆ, ಭಂಡಾರ್ಕರ್ ಅಂಥ ಹಿತೈಷಿಗಳೇ ಸಲಹಾ ಸಮಿತಿ ಬಿಟ್ಟರು. ತಿಲಕರ ‘ಕೇಸರಿ’ ಕಟುವಾಗಿ ಬರೆಯಿತು, ಹಲವರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಆ ಆತಂಕವನ್ನು ಬರೀ ಸಂಪ್ರದಾಯದ ಸಿಟ್ಟು ಎಂದು ತಳ್ಳುವವರ ಜೊತೆ ನಾನಿಲ್ಲ. ಹಸಿದವರಿಗೆ ಅನ್ನ ಕೊಟ್ಟ ಕೈಯೇ ಧರ್ಮವನ್ನೂ ಕೊಟ್ಟರೆ, ಒಲ್ಲೆನೆನ್ನುವ ಸ್ವಾತಂತ್ರ್ಯ ಹಸಿದವರಿಗೆ ಎಷ್ಟು ಉಳಿಯುತ್ತದೆ? ಮುಕ್ತಿಯಲ್ಲಿ ಬಹಳ ಮಂದಿ ಕ್ರೈಸ್ತರಾದದ್ದು ನಿಜ. ಈ ಪ್ರಶ್ನೆಗೆ ರಮಾಬಾಯಿಯ ಬಾಳು ಪೂರ್ತಿ ಉತ್ತರ ಕೊಡುವುದಿಲ್ಲ.

ಆದರೂ ಅಳೆಯಲು ಒಂದು ಗೆರೆ ಕ್ರೈಸ್ತ ಚಿಂತನೆಯೊಳಗೇ ಇದೆ. ಜನ ನೋಡಲೆಂದು ತುತ್ತೂರಿ ಊದಿಸಿ ಕೊಡುವವನಿಗೆ ಬರಬೇಕಾದ ಪ್ರತಿಫಲ ಅಲ್ಲೇ ಸಂದುಹೋಯಿತು ಎನ್ನುತ್ತದೆ ಸುವಾರ್ತೆ. ಊರಿನ ಹೊಗಳಿಕೆಗೆ ಈ ಮಾತು ಹೇಗೋ, ಸಭೆಯ ತಲೆಯೆಣಿಕೆಗೂ ಹಾಗೆಯೇ. ನನ್ನ ನಂಬಿಕೆಯನ್ನು ಬೇಡವೆಂದವರಿಗೆ ನಾಳೆಯೂ ಅದೇ ಅನ್ನ, ಅದೇ ಪ್ರೀತಿ ಸಿಗುವುದಾದರೆ ಉದ್ದೇಶ ನೇರವಾಗಿದೆ. ಇಲ್ಲವಾದರೆ ಅದು ವ್ಯಾಪಾರ.

ಕಡೆಯ ವರ್ಷಗಳಲ್ಲಿ ರಮಾಬಾಯಿ ಹೀಬ್ರೂ, ಗ್ರೀಕ್ ಕಲಿತು ಬೈಬಲನ್ನು ಮರಾಠಿಗೆ ತಂದರು. ಕಲ್ಕತ್ತದ ಪಂಡಿತರು ಒಮ್ಮೆ ‘ಪಂಡಿತಾ’, ‘ಸರಸ್ವತಿ’ ಎಂದು ಬಿರುದು ಕೊಟ್ಟಿದ್ದ ಆ ಸಂಸ್ಕೃತ ವಿದುಷಿ, ಸಂಸ್ಕೃತದ ಭಾರವಿಳಿಸಿ ಹಳ್ಳಿಯ ಹೆಂಗಸರಿಗೆ ತಿಳಿಯುವ ಮರಾಠಿಯನ್ನೇ ಹುಡುಕಿದರು. ಅಚ್ಚಿನ ಕೆಲಸ ಮಾಡಿದವರು ಮುಕ್ತಿಯ ಹೆಣ್ಣುಮಕ್ಕಳೇ. ಮಗಳು ಮನೋರಮೆ ಗುಲ್ಬರ್ಗದಲ್ಲಿ ಶಾಲೆ ನಡೆಸಿ, 1921ರಲ್ಲಿ, ತಾಯಿಗಿಂತ ಮೊದಲೇ ತೀರಿಕೊಂಡರು. ರಮಾಬಾಯಿ ತೀರಿಕೊಂಡದ್ದು 1922ರ ಏಪ್ರಿಲ್ 5ರಂದು.

ಕಲಬುರಗಿ, ಸೊಲ್ಲಾಪುರದ ದಾರಿಯಾಗಿ ಪುಣೆಗೆ ಹೋಗುವ ರೈಲು ದೌಂಡ್ ದಾಟಿದ ಮೇಲೆ ಕೇಡಗಾಂವ್ ಎಂಬ ಸಣ್ಣ ನಿಲ್ದಾಣವನ್ನು ಹಾದುಹೋಗುತ್ತದೆ. ಗಂಗಾಮೂಲದ ಮಗಳು ಕಟ್ಟಿದ ಮನೆ ಅಲ್ಲಿ ಈಗಲೂ ನಡೆಯುತ್ತಿದೆ. ಒಮ್ಮೆ ಇಳಿದು ನೋಡಿ.