ಹೊಸ್ತಿಲೊಳಗಿನ ಹೊಗೆ

ಸಿನಿಮಾ ಟಾಕೀಸಿನೊಳಗೆ ಸೇದಬಾರದೆಂಬ ಕಾಯಿದೆ ನಮ್ಮ ರಾಜ್ಯದಲ್ಲಿ 1963ರಲ್ಲೇ ಬಂದಿತ್ತು. ಆದರೂ ಅದಾದ ಎಷ್ಟೋ ವರ್ಷ ಪ್ರೊಜೆಕ್ಟರಿನ ಬೆಳಕಿನಲ್ಲಿ ಹೊಗೆ ಸುರುಳಿ ಸುತ್ತುತ್ತಿದ್ದುದನ್ನು ಐವತ್ತು ದಾಟಿದವರು ಕಂಡಿದ್ದಾರೆ. ಬಸ್ಸಿನೊಳಗೆ ‘ಧೂಮಪಾನ ನಿಷೇಧಿಸಲಾಗಿದೆ’ ಎಂಬ ಬರಹದ ಕೆಳಗೇ ಕೂತು ಬೀಡಿ ಹಚ್ಚುವವರಿದ್ದರು. ಕಚೇರಿಯ ಮೇಜಿನ ಮೇಲೆ ಕಡತಗಳಷ್ಟೇ ಸಹಜವಾಗಿ ಆಶ್‌ಟ್ರೇ ಇರುತ್ತಿತ್ತು. ಪಕ್ಕದಲ್ಲಿದ್ದವರು ಕೆಮ್ಮುತ್ತಿದ್ದರು, ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದರು, ಬಾಯಿಬಿಟ್ಟು ಬೇಡವೆನ್ನುತ್ತಿರಲಿಲ್ಲ. ಹಿರಿಯರಿಗೆ ಹೇಳಿದರೆ ಉದ್ಧಟತನ, ಗುರುತಿಲ್ಲದವರಿಗೆ ಹೇಳಿದರೆ ಕಾಲುಕೆರೆದು ಜಗಳ ಎಂದಾಗುತ್ತಿತ್ತು.

ಇಂದು ಅಂಥದೇ ಬಸ್ಸಿನಲ್ಲಿ ಬೆಂಕಿಕಡ್ಡಿ ಗೀರಲು ಮನಸ್ಸೇ ಬರುವುದಿಲ್ಲ. ಇದನ್ನೆಲ್ಲ ಪೊಲೀಸರು ಮಾಡಿಸಿದ್ದಲ್ಲ. ಬಸ್ಸಿಗೊಬ್ಬರನ್ನು ಕೂರಿಸುವಷ್ಟು ಪೊಲೀಸರು ಯಾವ ಸರ್ಕಾರದಲ್ಲೂ ಇಲ್ಲ. ಸೇದುವುದು ಅವನವನ ಚಟ, ಕೇಡಾದರೆ ಅವನಿಗೇ ತಾನೇ ಎಂಬ ನಂಬಿಕೆ ನಡುವೆ ಎಲ್ಲೋ ಮುರಿಯಿತು. ಸೇದದವರೂ ಆ ಹೊಗೆಯಿಂದ ಕಾಯಿಲೆ ಬೀಳುತ್ತಾರೆಂಬುದು ತಿಳಿದ ಮೇಲೆ ನ್ಯಾಯದ ಪ್ರಶ್ನೆಯೇ ಬೇರೆಯಾಯಿತು. 1999ರಲ್ಲಿ ಕೇರಳ ಹೈಕೋರ್ಟ್ ಸಾರ್ವಜನಿಕ ಸ್ಥಳದಲ್ಲಿ ಸೇದುವುದನ್ನು ತಡೆಯಿತು. 2001ರ ನವೆಂಬರಿನಲ್ಲಿ ಮುರಳಿ ದೇವರಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ಇಡೀ ದೇಶಕ್ಕೆ ಅದೇ ಮಾತು ಹೇಳಿತು. ಆಸ್ಪತ್ರೆಗೋ ಕಚೇರಿಗೋ ಹೋಗಬೇಕಾಗಿ ಬಂದ ಒಂದೇ ಕಾರಣಕ್ಕೆ ಸೇದದವನು ಯಾಕೆ ರೋಗ ಹೊತ್ತು ಬರಬೇಕು ಎಂಬುದು ಅದರ ವಾದದ ತಿರುಳು. 2003ರ ಕೇಂದ್ರ ಕಾಯಿದೆ, 2008ರ ಅಕ್ಟೋಬರ್ 2ರಿಂದ ಜಾರಿಯಾದ ನಿಯಮಗಳು ಅದರ ಹಿಂದೆಯೇ ಬಂದವು. ಈ ಕಾನೂನಿನಿಂದ ದಂಡ ಕಟ್ಟಿದವರು ಎಷ್ಟು ಮಂದಿಯೋ. ಅದಕ್ಕಿಂತ ದೊಡ್ಡ ಕೆಲಸವೆಂದರೆ ಕೆಮ್ಮಿ ಸುಮ್ಮನಾಗುತ್ತಿದ್ದವರ ಬಾಯಿಗೆ ಮಾತು ಬಂದದ್ದು. ‘ಸ್ವಲ್ಪ ಆಚೆ ಹೋಗಿ ಸೇದ್ತೀರಾ ಸಾರ್’ ಎನ್ನುವುದು ಈಗ ಜಗಳವಲ್ಲ.

ಕರ್ನಾಟಕ ಈ ಕಾಯಿದೆಗೆ ತನ್ನದೇ ತಿದ್ದುಪಡಿ ತಂದು 2025ರ ಮೇ ತಿಂಗಳಲ್ಲಿ ಇನ್ನಷ್ಟು ಬಿಗಿ ಮಾಡಿತು. 200 ರೂಪಾಯಿಯ ದಂಡ 1,000 ರೂಪಾಯಿಗೆ ಏರಿತು. ತಂಬಾಕು ಕೊಳ್ಳುವ ವಯಸ್ಸು 18 ಇದ್ದದ್ದು 21 ಆಯಿತು. ಹುಕ್ಕಾ ಬಾರ್ ನಡೆಸುವವರಿಗೆ ಜೈಲು. ಬಿಡಿ ಸಿಗರೇಟು ಮಾರುವಂತಿಲ್ಲ. ಬೀಡಾ ಅಂಗಡಿಯ ಮುಂದೆ ನಿಂತು ‘ಅಣ್ಣ, ಒಂದು ಕೊಡಿ’ ಎಂದು ಕೈಚಾಚುವ ಹುಡುಗನನ್ನು ಕಂಡವರಿಗೆ ಆ ಕೊನೆಯ ನಿಯಮದ ಅರ್ಥ ಆಗುತ್ತದೆ. ಇಡೀ ಪ್ಯಾಕ್ ಕೊಳ್ಳುವಷ್ಟು ದುಡ್ಡಿಲ್ಲದ ಜೇಬಿನಿಂದಲೇ ಚಟ ಶುರುವಾಗುವುದು.

ನನ್ನನ್ನು ಕಾಡುವ ಪ್ರಶ್ನೆ ಬೇರೆಯದು. ಹೊಗೆ ಪಕ್ಕದವರನ್ನು ಸುಡುತ್ತದೆಂದು ಜಗತ್ತಿಗೆ ತಿಳಿದದ್ದಾದರೂ ಹೇಗೆ? 1981ರಲ್ಲಿ ಜಪಾನಿನ ತಕೇಶಿ ಹಿರಾಯಾಮ ಪ್ರಕಟಿಸಿದ ಅಧ್ಯಯನ ಅದರ ಮೊದಲ ಗಟ್ಟಿ ಸಾಕ್ಷಿಗಳಲ್ಲೊಂದು. ಅವರು ಲೆಕ್ಕ ಹಾಕಿದ್ದು ಬಸ್ಸಿನ ಪ್ರಯಾಣಿಕರನ್ನಲ್ಲ, ಕಚೇರಿಯ ಗುಮಾಸ್ತರನ್ನಲ್ಲ. ತಾವು ಒಂದು ದಿನವೂ ಸೇದದ ಹೆಂಡತಿಯರನ್ನು. ಗಂಡ ಹೆಚ್ಚು ಸೇದಿದಷ್ಟೂ ಹೆಂಡತಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹೆಚ್ಚೆಂದು ಆ ಲೆಕ್ಕ ಹೇಳಿತು. ಸಿಗರೇಟು ಕಂಪನಿಗಳು ಅದನ್ನು ಅಲ್ಲಗಳೆಯಲು ಬಹಳ ಹೆಣಗಿದವು, ಆಗಲಿಲ್ಲ.

ಅಂದರೆ ಸಾಕ್ಷಿ ಹೇಳಿದವರು ಮನೆಯೊಳಗಿನ ಹೆಂಗಸರು; ರಕ್ಷಣೆ ಸಿಕ್ಕಿದ್ದು ಮನೆಯಾಚೆ ಓಡಾಡುವವರಿಗೆ. ಕಾನೂನು ಆಸ್ಪತ್ರೆ, ಗ್ರಂಥಾಲಯ, ನ್ಯಾಯಾಲಯ, ರೈಲು ಎಲ್ಲವನ್ನೂ ಹೆಸರು ಹಿಡಿದು ಪಟ್ಟಿ ಮಾಡಿ, ಮನೆಯ ಹೊಸ್ತಿಲಿಗೆ ಬಂದು ನಿಂತುಬಿಡುತ್ತದೆ. ನಿಲ್ಲಲೇಬೇಕು, ಪೊಲೀಸರು ಅಡುಗೆಮನೆಗೆ ನುಗ್ಗುವ ರಾಜ್ಯ ಯಾರಿಗೂ ಬೇಡ. ಆದರೆ ಕಾನೂನು ನಿಂತಲ್ಲಿಗೆ ನಮ್ಮ ಹೊಣೆಯೂ ನಿಲ್ಲುತ್ತದೆಂದು ನಾವು ತಿಳಿದಿದ್ದೇವೆ. ತಪ್ಪಿರುವುದು ಇಲ್ಲಿ.

ಸರ್ಕಾರ ದಾಟದ ಇನ್ನೊಂದು ಹೊಸ್ತಿಲೂ ಇದೆ, ಅದು ಅದರದೇ ಬೊಕ್ಕಸದ್ದು. ಹುಣಸೂರು, ಪಿರಿಯಾಪಟ್ಟಣದ ಕಡೆಯ ರೈತ ಹೊಗೆಸೊಪ್ಪು ಬೆಳೆಯುವುದು ಕೇಂದ್ರದ ತಂಬಾಕು ಮಂಡಳಿಯ ಲೈಸೆನ್ಸ್ ಪಡೆದು. ಮಾರುವುದೂ ಅದೇ ಮಂಡಳಿಯ ಹರಾಜು ಮಾರುಕಟ್ಟೆಯಲ್ಲಿ. ಜನರ ಜೀವಕ್ಕೆ ವಿಮೆ ಮಾಡುವ ಸರ್ಕಾರಿ ಸಂಸ್ಥೆ ಎಲ್‌ಐಸಿ, ದೇಶದ ಅತಿ ದೊಡ್ಡ ಸಿಗರೇಟು ಕಂಪನಿ ಐಟಿಸಿಯ ದೊಡ್ಡ ಷೇರುದಾರರಲ್ಲಿ ಒಂದು. ಇದನ್ನು ನೋಡಿ ‘ಮೊದಲು ಸರ್ಕಾರ ಬಿಡಲಿ, ಆಮೇಲೆ ನಾನು’ ಎನ್ನುವವರಿದ್ದಾರೆ. ಸರ್ಕಾರದ ಇಬ್ಬಂದಿತನ ನಿಜ. ಆದರೆ ಆ ಇಬ್ಬಂದಿತನ ತೊಟ್ಟಿಲ ಪಕ್ಕ ಸೇದುವವನ ಹೊಗೆಯನ್ನು ತಿಳಿಯಾಗಿಸುವುದಿಲ್ಲ.

ಬಸ್ಸಿನಲ್ಲಿ ಅಪರಿಚಿತನೊಬ್ಬ ಕೇಳಿಕೊಂಡರೆ ‘ಸಾರಿ’ ಎಂದು ಆರಿಸುವ ಮನುಷ್ಯನೇ ಮನೆಗೆ ಬಂದು ಟೀವಿಯ ಮುಂದೆ ಹಚ್ಚುತ್ತಾನೆ. ಅಪರಿಚಿತನಿಗೆ ಕಾನೂನಿನ ಬಲವಿದೆ, ಹೆಂಡತಿಗಿಲ್ಲ. ‘ಯಜಮಾನರಿಗೆ ಹೇಗೆ ಹೇಳೋದು’ ಎಂದು ವರ್ಷಗಟ್ಟಲೆ ಕಿಟಕಿ ತೆರೆದಿಡುವುದೇ ಅವಳ ಆಕ್ಷೇಪಣೆ. ಮಗುವಿಗಂತೂ ಆಕ್ಷೇಪಣೆ ಎತ್ತಬಹುದೆಂಬುದೇ ಗೊತ್ತಿಲ್ಲ. ಅದಕ್ಕೆ ಆ ವಾಸನೆಯೇ ಅಪ್ಪ. ಬಲವಿದ್ದವರು ಕೇಳಿದ್ದನ್ನು ಕೊಡುವುದು ಲೋಕರೂಢಿ. ಕೇಳಲಾರದವರಿಗೆ ತಾನಾಗಿ ಕೊಟ್ಟರೆ ಮಾತ್ರ ಅದರಲ್ಲಿ ನೀತಿಯ ಅಂಶ ಇರುತ್ತದೆ. 1,000 ರೂಪಾಯಿಗೆ ಹೆದರಿ ಬಸ್ಸಿನಲ್ಲಿ ಆರಿಸಿದ್ದರಲ್ಲಿ ಅದಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಸೇದುವವನನ್ನು ಕೀಳಾಗಿ ಕಾಣಬೇಕೆಂದಲ್ಲ. ನಿಕೋಟಿನ್ ಹಿಡಿತ ಸಣ್ಣದಲ್ಲ. ಬಿಡಬೇಕೆಂದು ಆಣೆ ಹಾಕಿ, ನಾಲ್ಕು ದಿನ ತಡೆದು, ಐದನೆಯ ದಿನ ಮತ್ತೆ ಅಂಗಡಿ ಮುಂದೆ ನಿಂತವನಿಗೆ ಮೊದಲೇ ತನ್ನ ಮೇಲೆ ತನಗೆ ಬೇಸರ. ಅದಕ್ಕೆ ನಮ್ಮ ಬೈಗುಳ ಸೇರಿಸಿದರೆ ಅವನು ಬಿಡುವುದಿಲ್ಲ, ಬಚ್ಚಿಟ್ಟು ಸೇದುತ್ತಾನೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂಬಾಕು ಬಿಡಿಸುವ ಸಹಾಯವಾಣಿಯ ಕೇಂದ್ರವಿದೆ. 1800-11-2356 ಸಂಖ್ಯೆಗೆ ಕರೆ ಮಾಡಲು ಕಾಸು ಬೇಡ, ಕನ್ನಡದಲ್ಲೇ ಮಾತಾಡಬಹುದು.

ಬಿಡುವುದು ನಿಜಕ್ಕೂ ಕಷ್ಟ, ಅದಕ್ಕೆ ಸಮಯ ಬೇಕು, ಜೊತೆಗೊಬ್ಬರು ಬೇಕು. ಎದ್ದು ಮನೆಯಿಂದ ಆಚೆ ಹೋಗುವುದಕ್ಕೆ ಇವ್ಯಾವುವೂ ಬೇಡ. ರಸ್ತೆಯಲ್ಲಿ ಹೋಗುವವರಿಗೆ ಕೊಟ್ಟ ಮರ್ಯಾದೆಯನ್ನು ಮನೆಯವರಿಗೂ ಕೊಡುವೆನೆಂದು ಒಪ್ಪಿಕೊಂಡರೆ ಸಾಕು. ಅದನ್ನು ಇವತ್ತೇ ಶುರುಮಾಡಬಹುದು.